ತಲೆಗೆ ಮಾತ್ರ ಹೊಡೆಯಬೇಕು

ನನ್ನ ತಾತ ಮಳವಳ್ಳಿ ಕಡೆಯ ಪೈಲ್ವಾನರು. ಮದ್ದೂರು, ಮಂಡ್ಯದ ಸುತ್ತ ಎಲ್ಲಿ ಜಾತ್ರೆ ಕುಸ್ತಿ ನಡೆದರೂ ಹೋಗುತ್ತಿದ್ದರು. ನಾಡಕುಸ್ತಿಯಲ್ಲಿ ಹೊಡೆಯುವಂತಿಲ್ಲ, ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸಿ ಚಿತ್ ಮಾಡಬೇಕು, ಅಷ್ಟೇ. ಒಂದು ವಿಜಯದಶಮಿಯ ದಿನ ಟೀವಿಯಲ್ಲಿ ಮೈಸೂರು ಅರಮನೆಯ ವಜ್ರಮುಷ್ಟಿ ಕಾಳಗ ಬಂತು. ತಲೆ ಬೋಳಿಸಿಕೊಂಡ ಜಟ್ಟಿಗಳು ಸೆಣಸಿದರು, ಒಬ್ಬನ ನೆತ್ತಿಯಲ್ಲಿ ರಕ್ತ ಕಂಡಿತು, ತಕ್ಷಣ ಬಿಡಿಸಿದರು. ಎಲ್ಲ ಒಂದು ನಿಮಿಷದೊಳಗೆ.

"ಇದೇನ್ಲಾ ಕಾಳಗ? ತೊಟ್ಟು ರಕ್ತ ಕಂಡ್ರೆ ಬುಡುಸ್ಬುಡ್ತಾರೆ!" ಎಂದು ತಾತ ಎದ್ದು ಹೋದರು. ಆಗ ನನಗೂ ಅದು ಬರೀ ಶಾಸ್ತ್ರವೆಂದೇ ಅನಿಸಿತ್ತು.

ಆ ಅಭಿಪ್ರಾಯ ಅಲುಗಿದ್ದು ಓದಿದ ಮೇಲೆ. 1535ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್, ಮಹಾನವಮಿಯ ಜಟ್ಟಿಗಳು ಕೈಯಲ್ಲಿ ಮೊನೆಗಳಿರುವ ಬಳೆಯಂಥ ಆಯುಧ ಹಿಡಿದು ಹೊಡೆದಾಡುತ್ತಿದ್ದರೆಂದು ಬರೆದಿದ್ದಾನೆ. ಹೆಚ್ಚು ಗಾಯಗೊಂಡವನಿಗೆ ಅರಸ ರೇಷ್ಮೆ ವಸ್ತ್ರ ಕೊಡುತ್ತಿದ್ದನಂತೆ. ಗೆದ್ದವನಿಗಲ್ಲ, ಗಾಯಗೊಂಡವನಿಗೆ! ಆ ಹಬ್ಬದ ಮಾದರಿಯಲ್ಲೇ ರಾಜ ಒಡೆಯರು 1610ರಲ್ಲಿ ಇಂದು ನಮ್ಮ ಜಿಲ್ಲೆಯಲ್ಲಿರುವ ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದರು.

19ನೆಯ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಕೊಡುವ ವಿವರ ಇನ್ನೂ ಸೂಕ್ಷ್ಮ. ಅವನ ಪ್ರಕಾರ ಇದು ಕುಸ್ತಿಯೂ ಹೌದು, ಗುದ್ದಾಟವೂ ಹೌದು. ಆದರೆ ಹೊಡೆಯಬಹುದಾದದ್ದು ತಲೆಗೆ ಮಾತ್ರ. ಆಯುಧ ಎಮ್ಮೆಕೊಂಬಿನದು, ಗೆಣ್ಣುಗಳಂತೆ ನಾಲ್ಕು ಮೊನೆ, ಕಿರುಬೆರಳಿನ ಕಡೆ ಉದ್ದನೆಯದು ಇನ್ನೊಂದು. ಸರಿಯಾಗಿ ಹಿಡಿದರೆ ಒಂದೇ ಏಟಿಗೆ ತಲೆ ಸೀಳೀತು. ಆದರೆ ಅದನ್ನು ಹಾಗೆ ಹಿಡಿಯಲು ಬಿಡುತ್ತಿರಲಿಲ್ಲ. ಬೆರಳುಗಳ ಗೆಣ್ಣುಗಳ ನಡುವೆ ಎಂಥ ಜಾಗದಲ್ಲಿ ಕಟ್ಟುತ್ತಿದ್ದರೆಂದರೆ, ಜೋರಾಗಿ ಗುದ್ದಿದರೆ ಗುದ್ದಿದವನ ಬೆರಳುಗಳೇ ಕೀಲು ತಪ್ಪಬೇಕು. ಅಂದರೆ ನಿಯಮ ತೀರ್ಪುಗಾರನ ಬಾಯಲ್ಲಿರಲಿಲ್ಲ, ಜಟ್ಟಿಯ ಬೆರಳಲ್ಲೇ ಇತ್ತು. ಹಾಗೆಂದು ಅದು ಆಟಿಕೆಯೂ ಅಲ್ಲ: ಇಬ್ಬರೂ ನೆತ್ತಿಯಿಂದ ಕಾಲಿನವರೆಗೆ ರಕ್ತದಲ್ಲಿ ತೊಯ್ಯುತ್ತಿದ್ದರು. ಕಾಳಗ ಅತಿಯಾದರೆ ಅರಸನ ಕಡೆಯವರು ಪೇಟ, ವಸ್ತ್ರಗಳನ್ನು ಕಣಕ್ಕೆ ಎಸೆದು ನಿಲ್ಲಿಸುತ್ತಿದ್ದರು. ಉಡುಗೊರೆಯೇ ನಿಲುಗಡೆಯ ಸನ್ನೆ.

ಟಿಪ್ಪುವಿನ ಶ್ರೀರಂಗಪಟ್ಟಣದಲ್ಲಿ ಜಟ್ಟಿಗಳಿಂದ ಕತ್ತು ತಿರುಚಿಸಿ ಮರಣದಂಡನೆ ಕೊಡಿಸುತ್ತಿದ್ದರೆಂದು ಇಂಗ್ಲಿಷರ ಬರಹಗಳು ಹೇಳುತ್ತವೆ. ಕೊಲ್ಲಬಲ್ಲ ಕೈ ಅದು. ಆ ಕೈಯನ್ನು ಅಖಾಡದಲ್ಲಿ ಕಟ್ಟಿಹಾಕದಿದ್ದರೆ ಮರುವರ್ಷದ ದಸರೆಗೆ ಜಟ್ಟಿಗಳೇ ಇರುತ್ತಿರಲಿಲ್ಲ. 1993ರಲ್ಲಿ ಜಪಾನಿನಲ್ಲಿ ಆರಂಭವಾದ ಪಾಂಕ್ರೇಸ್ ಪಂದ್ಯಗಳಲ್ಲೂ ಮೊದಮೊದಲು ಇಂಥದ್ದೇ ಕಟ್ಟು: ಕುಸ್ತಿಯ ಜೊತೆ ಮುಖಕ್ಕೆ ಅಂಗೈಯಲ್ಲಿ ಹೊಡೆಯಬಹುದು, ಮುಷ್ಟಿ ಬಿಗಿದು ಹೊಡೆಯುವಂತಿಲ್ಲ.

ಹಾಗಾದರೆ ಈಗಿನದು? ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರಿನಿಂದ ಬರುವ ಜಟ್ಟಿಗಳು ಮೊದಲ ರಕ್ತಕ್ಕೇ ನಿಲ್ಲಿಸುತ್ತಾರೆ. ವಿಲ್ಕ್ಸ್ ಕಂಡ ಕಾಳಗಕ್ಕಿಂತ ಇದು ಮೃದು, ಅದನ್ನು ಒಪ್ಪಬೇಕು. ಆದರೆ ಸುಳ್ಳಲ್ಲ. ನೆತ್ತಿಯ ಗಾಯ ನಿಜವಾದದ್ದೇ.

ವಿಲ್ಕ್ಸನ ವಿವರವನ್ನು ತಾತನಿಗೆ ಓದಿ ಹೇಳಿದೆ. ಅವರು ಒಂದು ಹಳೇ ಬೀಗದ ಕೈಯನ್ನು ಬೆರಳುಗಳಿಗೆ ಅಡ್ಡಲಾಗಿ ಟವೆಲಿನಲ್ಲಿ ಕಟ್ಟಿಸಿಕೊಂಡು, ದಿಂಬಿಗೆ ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ ಗುದ್ದಿದರು. ಎರಡನೇ ಸಲ ಮುಖ ಕಿವಿಚಿ ಕೈ ಒದರಿದರು.

"ಇಂಗ್ ಕಟ್ಕಂಡು ಕುಸ್ತಿ ಪಟ್ಟು ಹೆಂಗ್ಲಾ ಹಾಕೋದು?" ಎಂದರು. ಆಮೇಲೆ, "ಮುಂದಿನ ದಸರಕ್ಕೆ ಹೋಗವಾ, ಹತ್ರದಿಂದ ನೋಡ್ಬೇಕು" ಎಂದರು.