ಉರಿದ ಇಂಧನ: ಕಾಯಬೇಕಾದ್ದು ಯಾರಿಂದ?

1993ರ ಫೆಬ್ರುವರಿ 7, ಭಾನುವಾರ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ಬೆಳಗಿನ ಏಳು ಗಂಟೆಯ ಸುಮಾರು. 1979ರ ಅಪಘಾತದಿಂದ ಜಗತ್ತಿಗೆಲ್ಲ ಹೆಸರಾದ ಸ್ಥಾವರವೇ ಇದು. ಒಂದು ಸ್ಟೇಷನ್ ವ್ಯಾಗನ್ ಕಾರು ದ್ವಾರದ ಕಾವಲುಗಾರನನ್ನು ದಾಟಿ ನುಗ್ಗಿತು. ಒಳಬೇಲಿಯ ಗೇಟನ್ನು ಮುರಿಯಿತು. ಟರ್ಬೈನ್ ಕಟ್ಟಡದ ಬಾಗಿಲನ್ನು ಸೀಳಿಕೊಂಡು ಸುಮಾರು 60 ಅಡಿ ಒಳಗೆ ಹೋಗಿ ನಿಂತಿತು. ಕಾರಿನಲ್ಲಿ ಬಾಂಬು ಇರಲಿಲ್ಲ, ಚಾಲಕನ ಕೈಯಲ್ಲಿ ಆಯುಧವೂ ಇರಲಿಲ್ಲ. ಆತ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡಿದ್ದ ಮನುಷ್ಯ. ಆದರೂ ನೆಲಮಾಳಿಗೆಯ ಕತ್ತಲಲ್ಲಿ ಅಡಗಿದ್ದ ಅವನನ್ನು ಹುಡುಕಿ ತೆಗೆಯಲು ಕಾವಲು ಪಡೆಗೆ ಸುಮಾರು ನಾಲ್ಕು ಗಂಟೆ ಹಿಡಿಯಿತು.

ಇದಾದ 19 ದಿನಕ್ಕೆ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ನೆಲಮಾಳಿಗೆಯಲ್ಲಿ ವ್ಯಾನೊಂದರಲ್ಲಿ ತುಂಬಿಟ್ಟಿದ್ದ ಬಾಂಬು ಸಿಡಿಯಿತು. ಆಗ ಎಚ್ಚೆತ್ತ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ, ಸ್ಥಾವರಗಳ ಸುತ್ತ ವಾಹನಗಳನ್ನು ತಡೆಯುವ ಗಟ್ಟಿ ತಡೆಗೋಡೆ ಇರಲೇಬೇಕೆಂದು 1994ರಲ್ಲಿ ನಿಯಮ ಮಾಡಿತು. ಅದುವರೆಗೆ ನಿಯಮದ ಪುಸ್ತಕದಲ್ಲಿದ್ದ ಶತ್ರು ನಡೆದುಕೊಂಡು ಬರುತ್ತಿದ್ದ. 1983ರಲ್ಲಿ ಬೈರೂತ್‌ನಲ್ಲಿ ಸ್ಫೋಟಕ ತುಂಬಿದ ಲಾರಿ ನುಗ್ಗಿ ನೂರಾರು ಅಮೆರಿಕನ್ ಸೈನಿಕರು ಸತ್ತಿದ್ದರೂ ಆ ಶತ್ರುವಿಗೆ ಲಾರಿ ಓಡಿಸಲು ಬರುತ್ತಿರಲಿಲ್ಲ!

ಈ ಪುಸ್ತಕದ ಶತ್ರುವಿನ ವಿಷಯ ಸ್ವಲ್ಪ ವಿವರಿಸಬೇಕು. ಸ್ಥಾವರದ ಮಾಲೀಕರು ಎಂಥ ದಾಳಿಯನ್ನು ಎದುರಿಸಲು ಸಿದ್ಧರಿರಬೇಕು ಎಂಬುದನ್ನು ಆಯೋಗ ಮೊದಲೇ ಊಹಿಸಿ ಬರೆದಿಡುತ್ತದೆ: ಎಷ್ಟು ಜನ ಬರಬಹುದು, ಅವರ ಕೈಯಲ್ಲಿ ಏನಿರಬಹುದು, ಒಳಗಿನವರೊಬ್ಬರು ಕೈಜೋಡಿಸಬಹುದೇ ಎಂದು. ಈ ಊಹೆಯ ಶತ್ರುವಿನ ಸ್ಥೂಲ ಚಿತ್ರ ನಿಯಮದಲ್ಲೇ ಅಚ್ಚಾಗಿದೆ. ಲೆಕ್ಕ, ತೂಕ, ಆಯುಧಗಳ ವಿವರ ಮಾತ್ರ ಗುಟ್ಟು. ಅವನಿಗಿಂತ ಬಲಶಾಲಿ ಬಂದರೆ ಎದುರಿಸುವುದು ಸರ್ಕಾರದ ಹೊಣೆಯೇ ಹೊರತು ಕಂಪನಿಯದಲ್ಲ. ಅಂದರೆ ಶತ್ರುವನ್ನು ಎಷ್ಟು ದೊಡ್ಡದಾಗಿ ಊಹಿಸುತ್ತಾರೋ ಕಾವಲಿನ ಖರ್ಚೂ ಅಷ್ಟು ದೊಡ್ಡದು. ಊಹೆ ಸಣ್ಣದಾಗಿರಲಿ ಎಂದು ಬಯಸುವವರು ಇದ್ದೇ ಇರುತ್ತಾರೆ.

ರಿಯಾಕ್ಟರಿನ ಮಾತು ಹಾಗಿರಲಿ. ಅದು ದಪ್ಪ ಕಾಂಕ್ರೀಟ್ ಗುಮ್ಮಟದೊಳಗಿದೆ. ಅದರ ಪಕ್ಕದ ಕೊಳದಲ್ಲಿ ಮುಳುಗಿಸಿಟ್ಟಿರುವ ಉರಿದ ಇಂಧನದ ಗತಿ ಏನು? ಮೂರು ನಾಲ್ಕು ವರ್ಷ ಕುಲುಮೆಯಲ್ಲಿದ್ದು ಹೊರಬರುವ ಯುರೇನಿಯಂ ಸರಳುಗಳು ನಮ್ಮ ಒಲೆಯ ಬೂದಿಯಂತಲ್ಲ. ಒಳಗೆ ಹೋದಾಗ ಕೈಯಲ್ಲಿ ಹಿಡಿಯಬಹುದಾಗಿದ್ದ ಸರಳು ಹೊರಗೆ ಬಂದಾಗ ಹತ್ತಿರ ನಿಂತವನನ್ನು ಕೊಲ್ಲುವಷ್ಟು ವಿಕಿರಣ ಸೂಸುತ್ತದೆ. ಕುಲುಮೆ ಆರಿದರೂ ಅದು ತನ್ನಷ್ಟಕ್ಕೆ ಕಾಯುತ್ತಲೇ ಇರುತ್ತದೆ. ಅದಕ್ಕೇ ಸುಮಾರು 40 ಅಡಿ ಆಳದ ಕೊಳದಲ್ಲಿ, ಮೇಲೆ 20 ಅಡಿಗೂ ಹೆಚ್ಚು ನೀರು ನಿಲ್ಲಿಸಿ ಇಡುತ್ತಾರೆ. ನೀರು ತಂಪನ್ನೂ ಕೊಡುತ್ತದೆ, ವಿಕಿರಣವನ್ನೂ ತಡೆಯುತ್ತದೆ. ನೀರು ಹೋದರೆ? ಇತ್ತೀಚೆಗೆ ತೆಗೆದ ಸರಳುಗಳು ಒತ್ತೊತ್ತಾಗಿದ್ದರೆ ಅವುಗಳ ಜಿರ್ಕೋನಿಯಂ ಹೊದಿಕೆ ಕಾದು ಹೊತ್ತಿಕೊಳ್ಳಬಹುದು. ಆ ಹೊಗೆಯಲ್ಲಿ ಸೀಸಿಯಂ ಇರುತ್ತದೆ.

ಕೊಳಗಳು ಹೀಗೆ ಒತ್ತೊತ್ತಾಗಿ ತುಂಬಿದ್ದಕ್ಕೆ ಒಂದು ಇತಿಹಾಸವಿದೆ. ಅದರಲ್ಲಿ ನಮ್ಮ ಪಾಲೂ ಇದೆ. ಅಮೆರಿಕದ ಸ್ಥಾವರಗಳನ್ನು ಕಟ್ಟಿದವರ ಲೆಕ್ಕದಲ್ಲಿ ಕೊಳವೆಂದರೆ ಬಸ್ ನಿಲ್ದಾಣವಿದ್ದಂತೆ. ಇಂಧನ ಅಲ್ಲಿ ಕೆಲವು ತಿಂಗಳು ತಂಗಿದ್ದು, ಆಮೇಲೆ ಪ್ಲುಟೋನಿಯಂ ಬೇರ್ಪಡಿಸುವ ಕಾರ್ಖಾನೆಗೆ ಹೋಗಬೇಕಿತ್ತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಭಾರತ ಅಣುಸ್ಫೋಟ ನಡೆಸಿತು. ಟ್ರಾಂಬೆಯ ಸೈರಸ್ ರಿಯಾಕ್ಟರಿನ ಉರಿದ ಇಂಧನದಿಂದ ತೆಗೆದ ಪ್ಲುಟೋನಿಯಂ ಅದರಲ್ಲಿತ್ತು. ಆಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು ನಮ್ಮ ತುಮಕೂರಿನವರಾದ ರಾಜಾ ರಾಮಣ್ಣ. ಉರಿದ ಇಂಧನ ಬರೀ ಕಸವಲ್ಲ, ಬಾಂಬಿನ ಕಚ್ಚಾವಸ್ತು ಎಂದು ವಾಷಿಂಗ್‌ಟನ್ನಿಗೆ ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ತೋರಿಸಿರಲಿಲ್ಲ. 1977ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಂಧನದ ಮರುಸಂಸ್ಕರಣೆಯನ್ನು ಅನಿರ್ದಿಷ್ಟ ಕಾಲ ಮುಂದೂಡಿದರು. ಬಸ್ಸು ಬರಲಿಲ್ಲ, ನಿಲ್ದಾಣದಲ್ಲಿ ಜನ ಸೇರುತ್ತಲೇ ಹೋದರು. ಕೊಳಗಳಲ್ಲಿ ಸರಳುಗಳನ್ನು ಹತ್ತಿರ ಹತ್ತಿರ ಜೋಡಿಸಿದರು. ಅದೂ ಸಾಲದಾದಾಗ, ಆರಿದ ಇಂಧನವನ್ನು ಉಕ್ಕು ಕಾಂಕ್ರೀಟಿನ ಭಾರೀ ಪೀಪಾಯಿಗಳಲ್ಲಿ ತುಂಬಿ ಬಯಲಿನಲ್ಲಿ ನಿಲ್ಲಿಸತೊಡಗಿದರು. ಇಂಥ ಒಣ ಸಂಗ್ರಹಕ್ಕೆ ಮೊದಲ ಪರವಾನಗಿ ಸಿಕ್ಕಿದ್ದು 1986ರಲ್ಲಿ, ವರ್ಜೀನಿಯದ ಸರ್ರಿ ಸ್ಥಾವರಕ್ಕೆ.

ಇದಕ್ಕೆಲ್ಲ ಕಾವಲಿನ ನಿಯಮ ಬರೆದವರ ತಲೆಯಲ್ಲಿ ಇದ್ದದ್ದು ಕಳ್ಳ. ಪ್ಲುಟೋನಿಯಂ ಕದಿಯುವ ಕಳ್ಳ. ಅವನ ವಿಷಯದಲ್ಲಿ ಅವರಿಗೆ ಒಂದು ಸಮಾಧಾನವೂ ಇತ್ತು: ಉರಿದ ಇಂಧನ ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಮೂರಡಿ ದೂರದಲ್ಲಿ ಗಂಟೆಗೆ 100 ರೆಮ್‌ಗಿಂತ ಹೆಚ್ಚು ವಿಕಿರಣ ಸೂಸುವ ವಸ್ತುವಿಗೆ ಬಿಗಿ ಕಾವಲಿನಿಂದ ಎಷ್ಟೋ ವಿನಾಯಿತಿ ಇತ್ತು. ಹೊತ್ತೊಯ್ಯಲು ಬಂದವನು ಅದನ್ನು ಮುಟ್ಟಿ ಸಾಯುತ್ತಾನೆಂಬ ಲೆಕ್ಕ. ಹಾವಿನ ಹುತ್ತಕ್ಕೆ ಬೀಗ ಯಾಕೆ ಎಂದಂತೆ. ಆದರೆ ಈ ಹಾವಿಗೆ ವಿಷ ಇಳಿಯುತ್ತಾ ಹೋಗುತ್ತದೆ. ಸೀಸಿಯಂ ಮೂವತ್ತು ವರ್ಷಕ್ಕೊಮ್ಮೆ ಅರ್ಧಕ್ಕಿಳಿಯುತ್ತದೆ, ಪ್ಲುಟೋನಿಯಂ ಸಾವಿರಾರು ವರ್ಷ ಹಾಗೇ ಉಳಿಯುತ್ತದೆ. ಹಳತಾದಷ್ಟೂ ಬೆಂಕಿಯ ಭಯ ಕಡಿಮೆ, ಕಳ್ಳನ ಭಯ ಹೆಚ್ಚು. ಕೆಲವು ವರ್ಷಗಳ ತಂಗುದಾಣಕ್ಕೆಂದು ಬರೆದ ನಿಯಮದಲ್ಲಿ ಈ ದೂರದ ಲೆಕ್ಕಕ್ಕೆ ಜಾಗವಿರಲಿಲ್ಲ.

ಕಳ್ಳನ ವಿಷಯಕ್ಕೆ ಬಂದರೆ, ಲೆಕ್ಕದ ಪುಸ್ತಕವೇ ಸರಿಯಿರಲಿಲ್ಲ ಎಂಬುದು 2000ದಲ್ಲಿ ಬಯಲಾಯಿತು. ಕನೆಕ್ಟಿಕಟ್‌ನ ಮಿಲ್‌ಸ್ಟೋನ್ ಸ್ಥಾವರದ ಕೊಳದಲ್ಲಿ ಇರಬೇಕಿದ್ದ ಎರಡು ಇಡೀ ಸರಳುಗಳು ಇರಲಿಲ್ಲ. 1972ರಲ್ಲಿ ಬೇರ್ಪಡಿಸಿ ಇಟ್ಟಿದ್ದ ಅವುಗಳ ದಾಖಲೆ 1980ರಲ್ಲಿ ನಿಂತುಹೋಗಿತ್ತು; ಇಪ್ಪತ್ತು ವರ್ಷ ಯಾರೂ ಎಣಿಸಿರಲಿಲ್ಲ. ಅವು ಸಿಗಲೇ ಇಲ್ಲ. ಬೇರೆ ಕಸದೊಂದಿಗೆ ಬೆರೆತು ಸಾಗಿಹೋಗಿರಬೇಕು ಎಂಬ ತೀರ್ಮಾನಕ್ಕೆ ಬಂದು, ದಂಡ ಹಾಕಿ ಕಡತ ಮುಚ್ಚಿದರು. ನಮ್ಮ ತಾಲ್ಲೂಕು ಕಚೇರಿಯ ಕಡತ ಕಳೆದ ಕಥೆಯನ್ನು ಇದು ನೆನಪಿಸಿದರೆ ಆಶ್ಚರ್ಯವಿಲ್ಲ.

2001ರ ಸೆಪ್ಟೆಂಬರ್ 11ರಂದು ಊಹೆಯ ಶತ್ರುವಿಗೆ ರೆಕ್ಕೆ ಬಂತು. ಅಂದು ಅವಳಿ ಗೋಪುರಗಳಿಗೆ ಅಪ್ಪಳಿಸಿದ ಮೊದಲ ವಿಮಾನ ಹಡ್ಸನ್ ನದಿಯ ಗುಂಟ ಇಳಿದು ಬಂದಿತ್ತು. ಆ ದಾರಿಯಲ್ಲೇ ಇಂಡಿಯನ್ ಪಾಯಿಂಟ್ ಸ್ಥಾವರವಿತ್ತು. ದಾಳಿಕೋರರ ನಾಯಕ ಒಂದು ಅಣುಸ್ಥಾವರವನ್ನೇ ಗುರಿ ಮಾಡುವ ಯೋಚನೆಯನ್ನೂ ಮಾಡಿದ್ದನೆಂದು ಆಮೇಲೆ ತನಿಖಾ ಆಯೋಗ ಬರೆಯಿತು. 2002ರಲ್ಲಿ ಸ್ಥಾವರಗಳಿಗೂ ಒಣ ಸಂಗ್ರಹಗಳಿಗೂ ಸಾಲುಸಾಲು ಆದೇಶಗಳು ಬಂದವು. 2003ರ ಜನವರಿಯಲ್ಲಿ ರಾಬರ್ಟ್ ಅಲ್ವರೆಜ್, ಫ್ರ್ಯಾಂಕ್ ವಾನ್ ಹಿಪ್ಪಲ್ ಮುಂತಾದ ಎಂಟು ಮಂದಿ, ಐದು ವರ್ಷ ದಾಟಿದ ಇಂಧನವನ್ನೆಲ್ಲ ಕೊಳದಿಂದ ಪೀಪಾಯಿಗೆ ಸಾಗಿಸಿ ಎಂದು ಲೇಖನ ಬರೆದರು. ಆಯೋಗ ಅವರ ಲೆಕ್ಕವನ್ನು ಅತಿರೇಕವೆಂದಿತು. ಜಗಳ ಬಿಡಿಸಲು ಸಂಸತ್ತು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಮೊರೆ ಹೋಯಿತು. ಅಕಾಡೆಮಿಯ ವರದಿ 2004ರಲ್ಲಿ ಸಿದ್ಧವಾಯಿತು, ಆದರೆ ಗುಟ್ಟಾಗಿ. ಏನನ್ನು ಅಚ್ಚು ಹಾಕಬಹುದು ಎಂಬುದರ ಮೇಲೆ ಆಯೋಗಕ್ಕೂ ವಿಜ್ಞಾನಿಗಳಿಗೂ ಎಳೆದಾಟ ನಡೆದು 2005ರಲ್ಲಿ ಸಾರ್ವಜನಿಕ ಪ್ರತಿ ಹೊರಬಂತು. ದಾಳಿಯಿಂದ ಕೊಳ ಬರಿದಾಗಿ ಬೆಂಕಿ ಹತ್ತುವುದು ಕೆಲವು ಸಂದರ್ಭಗಳಲ್ಲಿ ಸಾಧ್ಯವೆಂದು ಅದು ಒಪ್ಪಿತು. ಬಿಸಿ ಸರಳುಗಳನ್ನು ಒಂದೆಡೆ ಗುಂಪಾಗಿಡದೆ ಹಳೆಯವುಗಳ ನಡುವೆ ಚದುರಂಗದ ಮನೆಗಳಂತೆ ಹಂಚಿಡಿ, ಮೇಲಿಂದ ನೀರು ಚಿಮುಕಿಸುವ ವ್ಯವಸ್ಥೆ ಇರಲಿ ಎಂದಿತು. ಇಷ್ಟು ಸರಳ ಉಪಾಯ ಹೊಳೆಯಲು ಗೋಪುರಗಳೇ ಬೀಳಬೇಕಾಯಿತೇ ಎಂದು ಕೇಳಬೇಕೆನಿಸುತ್ತದೆ.

ಇಷ್ಟೂ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಕ್ಯಾಲಿಫೋರ್ನಿಯದ ತಾಯಂದಿರ ಪ್ರಕರಣ. ಸ್ಯಾನ್ ಲೂಯಿಸ್ ಒಬಿಸ್ಪೊ ಎಂಬ ಊರಿನಲ್ಲಿ 1969ರಲ್ಲಿ, ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಹುಟ್ಟಿದ ಸಂಘಟನೆ ‘ಮದರ್ಸ್ ಫಾರ್ ಪೀಸ್’. ಹತ್ತಿರದ ಡಯಾಬ್ಲೊ ಕ್ಯಾನ್ಯನ್ ಸ್ಥಾವರದವರು 2001ರ ಡಿಸೆಂಬರಿನಲ್ಲಿ, ಗೋಪುರಗಳು ಬಿದ್ದು ಮೂರು ತಿಂಗಳು ಕಳೆದಿತ್ತಷ್ಟೇ ಎನ್ನುವಾಗ, ಕಡಲತೀರದಲ್ಲಿ ಒಣ ಸಂಗ್ರಹಕ್ಕೆ ಅನುಮತಿ ಕೇಳಿದರು. ಭಯೋತ್ಪಾದಕರು ದಾಳಿ ಮಾಡಿದರೆ ನಮ್ಮ ನೆಲ, ನೀರು, ಊರಿನ ಗತಿ ಏನು ಎಂಬುದನ್ನು ಪರಿಸರ ವರದಿಯಲ್ಲಿ ಸೇರಿಸಿ ಎಂದು ತಾಯಂದಿರು ಕೇಳಿದರು. ಆಗುವುದಿಲ್ಲ ಎಂದಿತು ಆಯೋಗ. ಅಂಥ ದಾಳಿ ಬಹಳ ದೂರದ ಊಹೆ, ಅದರ ಸಾಧ್ಯತೆಯನ್ನು ಅಂಕಿಯಲ್ಲಿ ಹೇಳಲಾಗದು, ಮೇಲಾಗಿ ಸಾರ್ವಜನಿಕವಾಗಿ ಚರ್ಚಿಸುವ ವಿಷಯವೂ ಅಲ್ಲ ಎಂಬುದು ಅದರ ವಾದ. ಅತ್ತ ಅದೇ ಆಯೋಗ ಅದೇ ಭಯೋತ್ಪಾದಕರಿಗೆ ಹೆದರಿ ಎಲ್ಲ ಸ್ಥಾವರಗಳ ಕಾವಲು ಹೆಚ್ಚಿಸುತ್ತಿತ್ತು! 2006ರ ಜೂನ್‌ನಲ್ಲಿ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಈ ಇಬ್ಬಂದಿತನವನ್ನೇ ಎತ್ತಿ ಹಿಡಿದು ತಾಯಂದಿರ ಪರ ತೀರ್ಪಿತ್ತಿತು.

ಗೆದ್ದು ಅವರಿಗೆ ಸಿಕ್ಕಿದ್ದೇನು? ಆಯೋಗ 2007ರಲ್ಲಿ ಪೂರಕ ವರದಿ ಬರೆದು, ದಾಳಿಯಾದರೂ ಹೇಳಿಕೊಳ್ಳುವಂಥ ಪರಿಣಾಮವಿಲ್ಲವೆಂದಿತು. ಆ ತೀರ್ಮಾನಕ್ಕೆ ಆಧಾರವಾದ ಕಾಗದಗಳಲ್ಲಿ ಮುಖ್ಯವಾದವನ್ನು ತಾಯಂದಿರು ನೋಡುವಂತಿರಲಿಲ್ಲ. ಮುಚ್ಚಿದ ಬಾಗಿಲ ಹಿಂದೆಯಾದರೂ ವಿಚಾರಣೆ ನಡೆಸಿ ಎಂದು ಅವರು ಮತ್ತೆ ಕೋರ್ಟಿಗೆ ಹೋದರು. 2011ರ ಫೆಬ್ರುವರಿಯಲ್ಲಿ ಅದೇ ನ್ಯಾಯಾಲಯ ಈ ಬಾರಿ ಆಯೋಗದ ಪರ ನಿಂತಿತು. ಇದಕ್ಕೆ ಮೊದಲೇ, 2009ರಲ್ಲಿ, ದೇಶದ ಇನ್ನೊಂದು ತುದಿಯಲ್ಲಿ ನ್ಯೂಜೆರ್ಸಿಯ ಸ್ಥಾವರವೊಂದರ ಬಗ್ಗೆ ಮೂರನೆಯ ವಲಯದ ನ್ಯಾಯಾಲಯ, ದಾಳಿಯ ಮಾತು ಪರಿಸರ ವರದಿಯಲ್ಲಿ ಬೇಕಿಲ್ಲ ಎಂದಿತ್ತು. ಹೀಗಾಗಿ ಪಶ್ಚಿಮ ಕರಾವಳಿಯಲ್ಲಿ ಕೇಳಬಹುದಾದ ಪ್ರಶ್ನೆಯನ್ನು ನ್ಯೂಜೆರ್ಸಿಯಲ್ಲಿ ಕೇಳುವ ಹಾಗಿಲ್ಲ.

ಗುಟ್ಟು ಬೇಡವೆಂದು ನಾನು ಹೇಳುತ್ತಿಲ್ಲ. ಕಾವಲಿನವರ ಸಂಖ್ಯೆಯನ್ನೂ ಗೋಡೆಯ ದಪ್ಪವನ್ನೂ ಊರಿಗೆಲ್ಲ ಸಾರುವವನು ಮೂರ್ಖ. ಆದರೆ ಗುಟ್ಟಿಗೆ ಒಂದು ಕೆಟ್ಟ ಗುಣವಿದೆ: ಕಳ್ಳನಿಂದ ಎಷ್ಟನ್ನು ಮುಚ್ಚಿಡುತ್ತದೋ, ತಪ್ಪು ಹುಡುಕಬಲ್ಲ ನೆರೆಯವರಿಂದಲೂ ಅಷ್ಟನ್ನೇ ಮುಚ್ಚಿಡುತ್ತದೆ. ಬೆದರಿಕೆ ಒಳಗಿನಿಂದಲೇ ಬರುವುದೂ ಉಂಟು. 2009ರ ನವೆಂಬರ್‌ನಲ್ಲಿ ನಮ್ಮ ಕೈಗಾ ಸ್ಥಾವರದಲ್ಲಿ ಕುಡಿಯುವ ನೀರಿನ ಕೂಲರಿಗೆ ಯಾರೋ ಟ್ರಿಟಿಯಂ ಇದ್ದ ಭಾರಜಲ ಬೆರೆಸಿ, ಐವತ್ತಕ್ಕೂ ಹೆಚ್ಚು ಕಾರ್ಮಿಕರ ದೇಹಕ್ಕೆ ಅದು ಸೇರಿತ್ತು. ಅದಕ್ಕೂ ಉರಿದ ಇಂಧನಕ್ಕೂ ಸಂಬಂಧವಿಲ್ಲ, ನಿಜ. ಆದರೆ ಹೊರಗಿನ ಬೇಲಿ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ.

ಮೇಲ್ಮನವಿ ತೀರ್ಪು ಬಂದು ತಿಂಗಳೊಳಗೆ, 2011ರ ಮಾರ್ಚ್ 11ರಂದು ಫುಕುಷಿಮಾ. ಅಲ್ಲಿ ನಾಲ್ಕನೆಯ ಘಟಕದ ಕೊಳದಲ್ಲಿ, ನೆಲದಿಂದ ಎಷ್ಟೋ ಮೇಲೆ, 1,535 ಇಂಧನದ ಕಟ್ಟುಗಳಿದ್ದವು. ಜಪಾನಿನ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಶುನ್‌ಸುಕೆ ಕೊಂಡೊ ಪ್ರಧಾನಿಗಾಗಿ ಬರೆದ ಕರಡಿನಲ್ಲಿ, ಕೊಳಗಳು ಉರಿದರೆ 250 ಕಿಲೋಮೀಟರ್‌ವರೆಗಿನ ಜನ, ಟೋಕಿಯೊ ಸಹಿತ, ಊರು ಬಿಡಬೇಕಾಗಬಹುದು ಎಂದಿತ್ತು. ಕೊಳ ಬರಿದಾಗಲಿಲ್ಲ. ಪಕ್ಕದ ರಿಯಾಕ್ಟರ್ ಬಾವಿಯಲ್ಲಿ ದುರಸ್ತಿಗೆಂದು ತುಂಬಿದ್ದ ನೀರು ಕೆಲಸ ತಡವಾದ್ದರಿಂದ ಹಾಗೇ ಉಳಿದಿತ್ತು. ಅದು ಬಾಗಿಲ ಸಂದಿನಿಂದ ಸೋರಿ ಕೊಳಕ್ಕೆ ಬಂದಿತ್ತು. ಸೋರುವ ಬಾಗಿಲು ಟೋಕಿಯೊವನ್ನು ಉಳಿಸಿತು ಎಂದರೂ ನಡೆದೀತು. ಅದೇ ಸ್ಥಾವರದ ಒಣ ಪೀಪಾಯಿಗಳ ಮೇಲೆ ಸುನಾಮಿಯೇ ಹರಿದುಹೋದರೂ ಅವು ಒಡೆಯಲಿಲ್ಲ.

ಹಾಗಾದರೆ ಎಲ್ಲವನ್ನೂ ಪೀಪಾಯಿಗೆ ತುಂಬಿದರೆ ಮುಗಿಯಿತೇ? ಮೇಯ್ನ್ ರಾಜ್ಯದ ವಿಸ್ಕ್ಯಾಸೆಟ್‌ನಲ್ಲಿ ಸ್ಥಾವರ ಮುಚ್ಚಿ, ಕೆಡವಿ, 2005ರ ಹೊತ್ತಿಗೆ ನೆಲವನ್ನು ಗುಡಿಸಿದ್ದೂ ಆಯಿತು. ಉಳಿದಿರುವುದು 64 ಪೀಪಾಯಿ, ಒಂದು ಬೇಲಿ ಮತ್ತು ಆಯುಧ ಹಿಡಿದ ಕಾವಲುಗಾರರು. 1998ರೊಳಗೆ ಇಂಧನವನ್ನು ಒಯ್ಯತೊಡಗುತ್ತೇನೆಂದು ಮಾತು ಕೊಟ್ಟಿದ್ದ ಸರ್ಕಾರ, ನೆವಾಡದ ಯುಕ್ಕಾ ಬೆಟ್ಟದಲ್ಲಿ ಕೊರೆದ ಸುರಂಗದ ಯೋಜನೆಯನ್ನು 2010ರಲ್ಲಿ ಕೈಬಿಟ್ಟಿತು. ದೇಶದಲ್ಲಿ 90 ಸಾವಿರ ಟನ್ನಿಗೂ ಹೆಚ್ಚು ಉರಿದ ಇಂಧನ ಹೀಗೆ ಹುಟ್ಟಿದಲ್ಲೇ ಕೂತಿದೆ. ಉಕ್ರೇನಿನ ಝಪೋರಿಝಿಯದಲ್ಲಂತೂ ಊಹೆಯ ಶತ್ರುವಿನ ಲೆಕ್ಕವೇ ತಲೆಕೆಳಗಾಯಿತು. 2022ರ ಮಾರ್ಚ್‌ನಲ್ಲಿ ಸ್ಥಾವರಕ್ಕೆ ಬಂದದ್ದು ಕಳ್ಳನಲ್ಲ, ಟ್ಯಾಂಕು ಸಹಿತ ರಷ್ಯಾದ ಸೈನ್ಯ. ಆಗಸ್ಟ್‌ನಲ್ಲಿ ಬಯಲಲ್ಲಿ ನಿಂತ 174 ಪೀಪಾಯಿಗಳ ಬಳಿಯೇ ಶೆಲ್ಲುಗಳು ಬಿದ್ದವು. ಇಂಥ ಶತ್ರುವನ್ನು ಯಾವ ಕಂಪನಿಯ ಕಾವಲುಗಾರ ತಡೆಯಬೇಕು?

ನಮ್ಮಲ್ಲಿ ಉರಿದ ಇಂಧನವನ್ನು ಕಸವೆನ್ನುವುದಿಲ್ಲ, ಸಂಪತ್ತೆನ್ನುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕಂನಲ್ಲಿ ಮರುಸಂಸ್ಕರಣೆಯ ಘಟಕಗಳನ್ನು ಕಟ್ಟಿದ್ದೂ ಅದಕ್ಕೇ. ಆದರೂ ಪ್ರಶ್ನೆ ಒಮ್ಮೆ ನಮ್ಮ ಬಾಗಿಲಿಗೇ ಬಂದಿತ್ತು. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ, ಅಲ್ಲಿನ ತ್ಯಾಜ್ಯವನ್ನು ಕೋಲಾರದ ಚಿನ್ನದ ಗಣಿಯಲ್ಲಿ ಇಡುವ ಮಾತು ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂತು. ಕೆ.ಜಿ.ಎಫ್. ಜನರಿಗೆ ಅದು ಗೊತ್ತಾದದ್ದು ಪತ್ರಿಕೆಗಳಿಂದ. ಬೀದಿಗಿಳಿದು ಪ್ರತಿಭಟಿಸಿದರು, ರಾಜ್ಯ ಸರ್ಕಾರವೂ ವಿರೋಧಿಸಿತು. ಅಂಥ ಯೋಜನೆಯೇ ಇಲ್ಲವೆಂಬ ಸ್ಪಷ್ಟೀಕರಣ ಕೆಲವೇ ದಿನಗಳಲ್ಲಿ ಬಂತು. ಅಲ್ಲಿ ಹಿಂದೆ ನಡೆದಿದ್ದದ್ದು ಒಂದು ಪ್ರಯೋಗ: 1980ರ ದಶಕದಲ್ಲಿ ಆರಂಭಿಸಿ, ಸಾವಿರ ಮೀಟರ್ ಆಳದಲ್ಲಿ ಎಂಟು ವರ್ಷ ಕಾಲ ಬಂಡೆಯೊಳಗೆ ವಿದ್ಯುತ್ ಹೀಟರುಗಳನ್ನಿಟ್ಟು, ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ಭಾಭಾ ಕೇಂದ್ರದ ವಿಜ್ಞಾನಿಗಳು ಅಳೆದಿದ್ದರು. ವಿಕಿರಣದ ವಸ್ತು ಒಂದು ಚೂರೂ ಇರಲಿಲ್ಲ. ಈ ಪ್ರಯೋಗದ ವಿಷಯ ಊರಿನ ಬಹುಪಾಲು ಜನ ಮೊದಲ ಸಲ ಕೇಳಿದ್ದು ಆ ಗಲಾಟೆಯ ದಿನಗಳಲ್ಲೇ. ಗಣಿ ಮುಚ್ಚಿ ಆಗಲೇ ಹನ್ನೊಂದು ವರ್ಷ ಕಳೆದಿತ್ತು, ಸುರಂಗಗಳಲ್ಲಿ ನೀರು ತುಂಬಿತ್ತು.