ಡ್ರಮ್ ಮಷಿನ್ ಸದ್ದಿಗೂ ಶ್ರುತಿ ಇರುತ್ತದೆಯೇ? ಇಲ್ಲಿದೆ ಸತ್ಯಾಂಶ

ಹೇಳಿಕೆ: "ಡ್ರಮ್‌ ಇರುವುದು ತಾಳಕ್ಕೆ ಮಾತ್ರ, ಅದಕ್ಕೆ ಶ್ರುತಿ ಬೇಕಿಲ್ಲ." ಇದಕ್ಕೆ ವಿರುದ್ಧವಾದ ಇನ್ನೊಂದು ಮಾತೂ ಇದೆ: "ಹಾಡಿನಲ್ಲಿರುವ ಪ್ರತಿ ಡ್ರಮ್ ಸದ್ದನ್ನೂ ಶ್ರುತಿ ಮಾಡಲೇಬೇಕು."

ಸತ್ಯಾಂಶ: ಎರಡೂ ಅರ್ಧ ಸತ್ಯ. ಕೆಲವು ಸದ್ದುಗಳಿಗೆ ಸ್ಪಷ್ಟ ಸ್ವರವಿದೆ, ಕೆಲವಕ್ಕೆ ಇಲ್ಲ.

ಡ್ರಮ್‌ಗೆ ಸ್ವರ ಎಲ್ಲಿಂದ ಬರುತ್ತದೆ?

ತಂತಿಯನ್ನು ಮೀಟಿದರೆ ಮೂಲ ಕಂಪನದ ಜೊತೆಗೆ ಅದರ 2, 3, 4 ಪಟ್ಟಿನ ಕಂಪನಗಳೂ ಹುಟ್ಟುತ್ತವೆ. ಹೀಗಾಗಿ ಕಿವಿಗೆ ಒಂದೇ ಸ್ವರ ಕೇಳಿದಂತಾಗುತ್ತದೆ. ಎಲ್ಲ ಕಡೆ ಒಂದೇ ದಪ್ಪವಿರುವ ದುಂಡನೆಯ ಚರ್ಮದಲ್ಲಿ ಈ ಲೆಕ್ಕ ಸುಮಾರು 1.59, 2.14, 2.30 ಪಟ್ಟು ಆಗುತ್ತದೆ. ಅವು ಒಂದಕ್ಕೊಂದು ಹೊಂದುವುದಿಲ್ಲ, ಆದ್ದರಿಂದ ಸ್ವರ ಮಸುಕಾಗುತ್ತದೆ. ಮೃದಂಗ ಮತ್ತು ತಬಲಾದ ನಡುವಿನ ಕಪ್ಪು ಕರಣೆ ಈ ಲೆಕ್ಕವನ್ನು ತಂತಿಯ ಲೆಕ್ಕದ ಹತ್ತಿರಕ್ಕೆ ತರುತ್ತದೆ. ಇದನ್ನು ಸಿ.ವಿ. ರಾಮನ್ ಅವರು ಸಹಲೇಖಕರೊಬ್ಬರ ಜೊತೆ 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದರು.

ಯಂತ್ರದಲ್ಲಿ ಚರ್ಮವೇ ಇಲ್ಲವಲ್ಲ?

ಇಲ್ಲ. ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಯಂತ್ರದ ಬಾಸ್ ಡ್ರಮ್ ಸದ್ದು ಒಂದು ವಿದ್ಯುತ್ ಮಂಡಲದಲ್ಲಿ ಹುಟ್ಟುತ್ತದೆ. ಅದರ ಕಂಪನ ಸೆಕೆಂಡಿಗೆ ಸುಮಾರು 50, ಅಂದರೆ 50 ಹರ್ಟ್ಸ್. ಉಪಸ್ವರಗಳು ಕಡಿಮೆ ಇರುವುದರಿಂದ ಅದು ಹೆಚ್ಚುಕಡಿಮೆ ಶುದ್ಧ ಸ್ವರ. ಸದ್ದು ನಿಧಾನವಾಗಿ ಆರುವಂತೆ ಇಟ್ಟರೆ ಅದನ್ನೇ ಬಾಸ್ ವಾದ್ಯದಂತೆ ನುಡಿಸಬಹುದು. ಇಂದು ಹಿಪ್‌ಹಾಪ್ ಹಾಡುಗಳಲ್ಲಿ "808" ಎಂದರೆ ಬಹುತೇಕ ಈ ಗುಂಯ್‌ಗುಡುವ ಬಾಸ್ ಎಂದೇ ಅರ್ಥ.

ಶ್ರುತಿ ತಪ್ಪಿದರೆ ಏನಾಗುತ್ತದೆ?

ಹಾಡು ಜಿ ಶ್ರುತಿಯಲ್ಲಿದೆ, ಅಂದರೆ ಹಾರ್ಮೋನಿಯಂ ಎಣಿಕೆಯಲ್ಲಿ ಬಿಳಿ ಐದು ಎಂದುಕೊಳ್ಳಿ. ಬಾಸ್ ಗಿಟಾರಿನ ಕೆಳಗಿನ ಜಿ ಸುಮಾರು 49 ಹರ್ಟ್ಸ್. ಡ್ರಮ್ ಅದಕ್ಕಿಂತ ಅರ್ಧ ಸ್ವರ ಮೇಲೆ, ಸುಮಾರು 52 ಹರ್ಟ್ಸ್‌ನಲ್ಲಿದ್ದರೆ, ಎರಡೂ ಕೂಡಿದಾಗ ಸದ್ದು ಸೆಕೆಂಡಿಗೆ ಸುಮಾರು 3 ಬಾರಿ ಏರಿಳಿಯುತ್ತದೆ. ಹಾಡಿನ ತಳ ಕಲಸಿಹೋದಂತೆ ಕೇಳುತ್ತದೆ. ಎಷ್ಟೋ ಸಲ ಇದಕ್ಕೆ ಸ್ಪೀಕರ್ ಅನ್ನು ದೂರುತ್ತೇವೆ, ಆದರೆ ತಪ್ಪು ಶ್ರುತಿಯದ್ದಾಗಿರಬಹುದು.

ಶ್ರುತಿ ಮಾಡುವುದು ಹೇಗೆ?

1. ಡ್ರಮ್ ಸದ್ದನ್ನು ಒಂದೆರಡು ಸ್ಥಾಯಿ ಮೇಲೇರಿಸಿ ಕೇಳಿ. ತೀರಾ ತಗ್ಗಿನ ಸ್ವರವನ್ನು ಗುರುತಿಸುವುದು ಕಿವಿಗೆ ಕಷ್ಟ.

2. ಪೆಟ್ಟನ್ನಲ್ಲ, ಅದರ ನಂತರ ಉಳಿಯುವ ನಾದವನ್ನು ಕೀಬೋರ್ಡಿನ ಜೊತೆ ಹೋಲಿಸಿ. ಅನೇಕ ಬಾಸ್ ಡ್ರಮ್‌ಗಳು ಮೇಲಿನಿಂದ ಶುರುವಾಗಿ ಕೆಳಗೆ ಜಾರುತ್ತವೆ. ಟ್ಯೂನರ್ ಆ್ಯಪ್‌ಗಳು ಗೊಂದಲಕ್ಕೀಡಾಗುವುದು ಇಲ್ಲೇ.

3. ಟ್ಯೂನ್ ಅಥವಾ ಪಿಚ್ ಗುಂಡಿಯಿಂದ ಹಾಡಿನ ಷಡ್ಜಕ್ಕೋ ಪಂಚಮಕ್ಕೋ ತನ್ನಿ. ಒಂದು ಅರ್ಧ ಸ್ವರವೆಂದರೆ ಕಂಪನದಲ್ಲಿ ಸುಮಾರು 6% ವ್ಯತ್ಯಾಸ. ಅದರೊಳಗಿನ ಸೂಕ್ಷ್ಮ ಹೊಂದಾಣಿಕೆಗೆ 100 ಸೆಂಟ್‌ಗಳಿವೆ.

4. ಮಿತಿ ಮೀರಬೇಡಿ. ರೆಕಾರ್ಡ್ ಮಾಡಿದ ಸದ್ದನ್ನು ವೇಗ ಹೆಚ್ಚಿಸಿ ಒಂದು ಸ್ಥಾಯಿ ಏರಿಸಿದರೆ ಅದರ ಅವಧಿ ಅರ್ಧಕ್ಕಿಳಿಯುತ್ತದೆ, ಪೆಟ್ಟಿನ ತೂಕವೂ ಹೋಗುತ್ತದೆ.

5. ಕೊನೆಗೆ ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿ. ಮೊಬೈಲಿನ ಪುಟ್ಟ ಸ್ಪೀಕರ್ 50 ಹರ್ಟ್ಸ್ ಸದ್ದನ್ನು ಸರಿಯಾಗಿ ಹೊರಡಿಸಲಾರದು.

ಎಲ್ಲವನ್ನೂ ಶ್ರುತಿ ಮಾಡಬೇಕೇ?

ಬೇಡ. ಟಾಮ್, ಕಾಂಗಾ ಮತ್ತು ಉದ್ದನೆಯ ಬಾಸ್ ಡ್ರಮ್‌ಗೆ ಶ್ರುತಿ ಮುಖ್ಯ. 808 ಯಂತ್ರದಲ್ಲೇ ಟಾಮ್ ಮತ್ತು ಕಾಂಗಾಗಳಿಗೆ ಪ್ರತ್ಯೇಕ ಟ್ಯೂನಿಂಗ್ ಗುಂಡಿಗಳಿವೆ. ಹೈಹ್ಯಾಟ್, ಸಿಂಬಲ್, ಚಪ್ಪಾಳೆಗಳಲ್ಲಿ ಹೊಂದಿಕೆಯಿಲ್ಲದ ಕಂಪನಗಳ ರಾಶಿಯೇ ಇರುವುದರಿಂದ ಅವನ್ನು ಒಂದು ಸ್ವರಕ್ಕೆ ಕಟ್ಟಲಾಗದು. ಅವು ಕಿವಿಗೆ ಚುಚ್ಚದಂತೆ ಇದ್ದರೆ ಸಾಕು. ಬಾಸ್ ಡ್ರಮ್ ಕೂಡ ಟಕ್ ಎಂದು ಕ್ಷಣದಲ್ಲೇ ನಿಂತರೆ, ಸ್ವರ ಗುರುತಿಸುವಷ್ಟು ಸಮಯವೇ ಕಿವಿಗೆ ಸಿಗುವುದಿಲ್ಲ.

ನೆನಪಿಡಿ: ಸದ್ದು ಎಷ್ಟು ಉದ್ದವೋ ಶ್ರುತಿ ಅಷ್ಟು ಮುಖ್ಯ. "ಡ್ರಮ್‌ಗೆ ಶ್ರುತಿ ಬೇಡ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ, ತಬಲಾ ವಾದಕರು ಸುತ್ತಿಗೆ ಹಿಡಿದು ಕೂರುವುದು ಏಕೆಂದು ಒಮ್ಮೆ ಯೋಚಿಸಿ.