ಬಾವಿ ಇಂಜಿನ್ನಿನಿಂದ ರೇಸ್ ಕ್ಯಾಮ್‌ವರೆಗೆ

ಈ ಸಲ ಕಬ್ಬಿನ ಸುದ್ದಿ ಇಲ್ಲ, ಇಂಜಿನ್ ಸುದ್ದಿ. ಸ್ವಲ್ಪ ಉದ್ದ ಐತಿ, ತ್ರೀಫೇಸ್ ಬರೋತನಕ ಕುಂತು ಓದ್ರಿ.

ನಮ್ಮ ಅಣ್ಣನ ಮಗ ಗೋವಾ ಕಡೆಯಿಂದ ಹಳೇದೊಂದು ನಾಲ್ಕು ಗಾಲಿ ಬೈಕ್ ತಂದಾನ. ಎಟಿವಿ ಅಂತಾರ. ಬೈಕಿನಂಗ ಹ್ಯಾಂಡಲ್, ದಪ್ಪ ದಪ್ಪ ಗಾಲಿ, 200 ಸಿಸಿ ಪೆಟ್ರೋಲ್ ಇಂಜಿನ್. ಪಾಸಿಂಗ್ ಇಲ್ಲ, ಹೊಲದಾಗಷ್ಟ ಓಡಸೋದು. ಹಿಂದ ಸಣ್ಣ ಟ್ರಾಲಿ ಹಚ್ಚಿ ಮೇವು, ಗೊಬ್ಬರದ ಚೀಲ, ಔಷಧದ ಟಾಕಿ ಒಯ್ಯಾಕ ಭಾಳ ಛಲೋ ಐತಿ. ಹೋದ ತಿಂಗಳು ಅವನಿಗೆ ಕೊರಿಯರ್‌ದಾಗ ಒಂದು ಡಬ್ಬಿ ಬಂತು. ಬಿಚ್ಚಿದ್ರ ಒಳಗ ಗೇಣುದ್ದವೂ ಇಲ್ಲದ ಒಂದು ಕಬ್ಬಿಣದ ತುಂಡು. ರೇಸ್ ಕ್ಯಾಮ್‌ಶಾಫ್ಟ್ ಅಂತ.

"ಕಾಕಾ, ಇದನ್ನ ಹಾಕಿದ್ರ ಪಿಕಪ್ ಡಬಲ್ ಆಗತೈತಿ. ಮನ್ಯಾಗ ಹಾಕೂಣು. ನಿಮ್ಮ ಫಿಲ್ಲರ್ ಗೇಜ್ ಕೊಡ್ರಿ."

ಕೊಡತೀನಿ ಅಂದೆ. ಆಮೇಲೆ ಎರಡನೇ ಮಾತು ತೆಗೆದ. ಇದಕ್ಕ ರೊಕ್ಕ ಸಾಲಾ ಮಾಡೇನಿ, ಶೆಡ್ಡಿನಾಗ ಬಿದ್ದಿರೋ ಹಳೇ ಇಂಜಿನ್ ಭಂಗಾರಕ್ಕ ಹಾಕಿದ್ರ ಸಾಲ ಮುಟ್ಟತೈತಿ ಅಂತ. ನಮ್ಮ ಗಡಿಯಾಗ ಗುಜರಿಗೆ ಮರಾಠಿ ಮಾತಿನಂಗ ಭಂಗಾರ ಅಂತೀವಿ, ಧಾರವಾಡದ ಬೀಗರು ಬಂದ್ರ ಬಂಗಾರ ಅಂತ ತಿಳಿದು ಕಿವಿ ನೆಟ್ಟಗ ಮಾಡತಾರ. ನಾ ಅವನಿಗೆ ಹೇಳಿದೆ, ಲೇ ತಮ್ಮಾ, ಮೊದಲ ಆ ಇಂಜಿನ್ ಯಾವುದು, ಹೆಂಗ ಬಂತು ಅಂತ ಕೇಳು, ಆಮ್ಯಾಲ ತೂಕಕ್ಕ ಹಾಕು. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೀತೀನಿ.

ನಮ್ಮ ಮುತ್ಯಾನ ಕಾಲಕ್ಕ ಬಾವಿ ನೀರು ಅಂದ್ರ ಮೋಟ. ಜೋಡೆತ್ತು ಇಳಿಜಾರಿನಾಗ ಕೆಳಗ ಹೋಗೋದು, ತೊಗಲಿನ ಚೀಲದಾಗ ನೀರು ಮ್ಯಾಲ ಬರೋದು, ಮತ್ತ ಎತ್ತು ಹಿಂದಕ್ಕ ಬರೋದು. ನಸುಕಿನಿಂದ ಹೊತ್ತೇರೋತನಕ ಹೊಡೆದ್ರ ಒಂದು ತುಂಡು ಕಬ್ಬು ನೆನೀತಿತ್ತು.

ಈ ಕಡೆ ಕಬ್ಬಿಣದ ಯಂತ್ರ ಅಂದ್ರ ಮೊದಲ ನೆನಪಾಗೋ ಹೆಸರು ಲಕ್ಷ್ಮಣರಾವ್ ಕಿರ್ಲೋಸ್ಕರ್. 1869ರಾಗ ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಾಗ ಹುಟ್ಟಿದವರು. ಮುಂಬಯಿಯೊಳಗ ಕಲಿಸೋ ನೌಕರಿ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ ಅಂಗಡಿ ನಡೆಸಿದ್ರು. ಆಮೇಲೆ ಮೇವು ಕತ್ತರಿಸೋ ಯಂತ್ರ, ಅದರ ಹಿಂದ ಕಬ್ಬಿಣದ ನೇಗಿಲು ಮಾಡಿದ್ರು. ಕಬ್ಬಿಣ ತಾಗಿದ್ರ ನೆಲ ವಿಷ ಆಗತೈತಿ ಅಂತ ರೈತರು ಹೆದರಿ, ಮೊದಲ ನೇಗಿಲು ಮಾರಾಟ ಆಗಾಕ ಎರಡು ವರ್ಷ ಹಿಡೀತು. ನಗಬ್ಯಾಡ್ರಿ. ಡ್ರಿಪ್ ಬಂದಾಗ ನಾವೇನು ಅಂದಿದ್ವಿ ನೆನಪು ಮಾಡಿಕೊಳ್ರಿ. ಬೆಳಗಾವಿಯೊಳಗ ಜಾಗ ಹೋದ ಮ್ಯಾಲ ಔಂಧ ಸಂಸ್ಥಾನದ ರಾಜರು ಜಾಗ ಕೊಟ್ಟರು, 1910ರಾಗ ಕಿರ್ಲೋಸ್ಕರವಾಡಿ ಹುಟ್ಟಿತು. ಈಗದು ಸಾಂಗ್ಲಿ ಜಿಲ್ಲೆ, ಮಿರಜದಿಂದ ಪುಣೆ ರೈಲು ಹತ್ತಿದ್ರ ದಾರಿಯಾಗ ಸ್ಟೇಶನ್ ಕಾಣತೈತಿ.

ಇನ್ನು ಇಂಜಿನ್. ಇಂಗ್ಲೆಂಡಿನ ಡರ್ಸ್ಲಿ ಅನ್ನೋ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಒಂದು ನಿಧಾನದ ಡೀಸೆಲ್ ಇಂಜಿನ್ ತಂತು. ಒಂದೇ ಸಿಲಿಂಡರ್, ಎರಡೂ ಬಾಜೂಕ ಗಾಡಿ ಗಾಲಿಯಂಥ ಎರಡು ಫ್ಲೈವೀಲ್. ಮೊದಲ 5 ಎಚ್‌ಪಿ, ಆಮೇಲೆ ಅದೇ ಮಾದರಿ 6 ಎಚ್‌ಪಿ ಆಯ್ತು. ಸುತ್ತು ನಿಮಿಷಕ್ಕ ಬರೇ 650. ಅಲ್ಲಿ ಅದನ್ನ ಮಾಡೋದು 1987ಕ್ಕ ನಿಂತಿತು, ಆದ್ರ ರಾಜಕೋಟದವರು ಅದರ ನಕಲು ಎರಕ ಹೊಯ್ಯೋದನ್ನ ಬಿಡಲಿಲ್ಲ. ನಮ್ಮ ಶೆಡ್ಡಿನಾಗ ಇರೋದೂ ಅಂಥಾದ್ದೇ ರಾಜಕೋಟದ ಮಾಲು, ಹೆಸರಿನ ತಗಡು ಯಾವಾಗೋ ಬಿದ್ದು ಹೋಗೇತಿ. 1972ರ ಬರದಾಗ ಬಾವಿ ಇನ್ನೂ ಆಳ ತೋಡಿಸಿದ ಮ್ಯಾಲ ಎತ್ತಿನ ಕೈಲಿ ಆಗೋದಿಲ್ಲಂತ ಅಪ್ಪ ಸಾಲ ತೆಗೆದು ತಂದದ್ದು. ಚಕ್ಕಡಿಯಾಗ ತಂದ್ರಂತ. ಎತ್ತು ತಮ್ಮ ಕೆಲಸ ಕಸಿಯೋ ಯಂತ್ರಾನ ತಾವೇ ಎಳಕೊಂಡು ಬಂದ್ವು ಅಂತ ಆಯಿ ಹೇಳತಿದ್ಲು.

ಕ್ಯಾಮ್ ಅಂದ್ರೇನು ಅಂತ ನಾ ಕಲಿತದ್ದು ಆ ಇಂಜಿನ್ ಮುಂದ ಕುಂತು. ಒಂದು ಸರಳು, ಅದರ ಮ್ಯಾಲ ತತ್ತಿ ಆಕಾರದ ಉಬ್ಬು. ಸುತ್ತುವಾಗ ಉಬ್ಬು ಮ್ಯಾಲ ಬಂದ್ರ ಟ್ಯಾಪೆಟ್ ಎತ್ತತೈತಿ, ಉಬ್ಬು ದಾಟಿದ್ರ ಬಿಡತೈತಿ. ನಮ್ಮ ಇಂಜಿನ್ನಿನಾಗ ಮೂರು ಉಬ್ಬು. ಒಂದು ಗಾಳಿ ಒಳಗ ಬಿಡಾಕ, ಒಂದು ಹೊಗಿ ಹೊರಗ ಹಾಕಾಕ, ಒಂದು ಡೀಸೆಲ್ ಪಂಪ್ ಒತ್ತಾಕ. ಈ ಯುಕ್ತಿ ಇಂಜಿನ್ನಿಗಿಂತ ಭಾಳ ಹಳೇದು. ಅಲ್ ಜಜಾರಿ ಅನ್ನೋ ಮಿಸ್ತ್ರಿ 1206ರಾಗ ಬರೆದ ಯಂತ್ರಗಳ ಪುಸ್ತಕದಾಗ ಕ್ಯಾಮ್ ಇರೋ ಸರಳಿನ ಚಿತ್ರ ಐತಿ. ಜರ್ಮನಿಯ ಆಟೋ ಅನ್ನೋವರು 1876ರಾಗ ನಾಲ್ಕು ಹೊಡೆತದ ಇಂಜಿನ್ ಮಾಡಿದ ಮ್ಯಾಲ ಅದಕ್ಕ ದೊಡ್ಡ ಕೆಲಸ ಸಿಕ್ಕಿತು. ಕ್ರ್ಯಾಂಕ್ ಎರಡು ಸುತ್ತು ಹೋದ್ರ ಕ್ಯಾಮ್ ಒಂದು ಸುತ್ತು.

ಈಗ ಲೆಕ್ಕ ಹಾಕ್ರಿ. 650 ಸುತ್ತಿನ ಇಂಜಿನ್ನಿನಾಗ ಒಂದು ವಾಲ್ವ್ ನಿಮಿಷಕ್ಕ 325 ಸಲ ತೆಗೀತೈತಿ. ಕೂತು ಎಣಿಸಬಹುದು ಅನ್ನೋಹಂಗ ಟುಕ್ ಟುಕ್ ಅಂತ ಕೇಳತೈತಿ. ಆಮೇಲೆ ನಮ್ಮ ಹೊಲಗಳಿಗೆ ಬಂದ ಕಿರ್ಲೋಸ್ಕರ್ ಎವಿ-1 ಇಂಜಿನ್ನು 5 ಎಚ್‌ಪಿ, 1500 ಸುತ್ತು. ಅದರಾಗ 750 ಸಲ. ಹುಡುಗನ ಬೈಕ್ 8000 ಸುತ್ತು ಹೋದಾಗ 4000 ಸಲ, ಅಂದ್ರ ಒಂದು ಸೆಕೆಂಡಿಗೆ 66 ಸಲದ ಮ್ಯಾಲ. ನಿಧಾನದ ಇಂಜಿನ್ನಿನಾಗ ಗಾಳಿ ಒಳಗ ಬರಾಕ ಬೇಕಾದಷ್ಟು ಹೊತ್ತು ಐತಿ. ಜೋರಿನದರಾಗ ಇಲ್ಲ. ಅದಕ್ಕ ರೇಸ್ ಕ್ಯಾಮಿನ ಉಬ್ಬು ಎತ್ತರ, ಅಗಲ ಇರತಾವು. ವಾಲ್ವ್ ಹೆಚ್ಚು ತೆಗೀತೈತಿ, ಹೆಚ್ಚು ಹೊತ್ತು ತೆಗೆದೇ ಇರತೈತಿ. ಹೊಗಿ ಬಾಗಿಲು ಮುಚ್ಚೋದರೊಳಗ ಗಾಳಿ ಬಾಗಿಲು ತೆಗೆದಿರತೈತಿ. ಜೋರಿನ ಓಟದಾಗ ಇದು ಲಾಭ. ನಿಧಾನ ಇದ್ದಾಗ ಒಳಗ ಬಂದ ಗಾಳಿ ಪೆಟ್ರೋಲ್ ವಾಪಸ್ ಹೋಗತೈತಿ, ಶಕ್ತಿ ಬೀಳತೈತಿ. ಇಂಜಿನ್ನಿಗೆ ಇದರಿಂದ ಹೊಸ ಬಲ ಏನೂ ಬರೋದಿಲ್ಲ. ಕೆಳಗಿನ ಬಲ ತೆಗೆದು ಮ್ಯಾಲ ಇಟ್ಟಂಗ.

ಇದರ ಅಣ್ಣನಂಥ ತಪ್ಪು ನಮ್ಮ ಅಪ್ಪನೂ ಮಾಡಿದ್ದ. ಕಬ್ಬು ಒಣಗಾಕತ್ತಿತ್ತು, ನೀರು ಜಾಸ್ತಿ ಬೇಕು ಅಂತ ಗವರ್ನರ್ ಸ್ಪ್ರಿಂಗ್ ಬಿಗಿ ಮಾಡಿ 650ರ ಇಂಜಿನ್ನ 750ಕ್ಕ ಓಡಿಸಿದ. ಪಂಪಿನ ಲೆಕ್ಕ ಹೆಂಗಪ್ಪಾ ಅಂದ್ರ, ಸುತ್ತು ನೂರಕ್ಕ 15 ಹೆಚ್ಚಿದ್ರ ನೀರು ಅಷ್ಟೇ ಹೆಚ್ಚತೈತಿ, ಆದ್ರ ಅದನ್ನ ತಿರುಗಿಸೋ ಬಲ ನೂರಕ್ಕ 50ರ ಮ್ಯಾಲ ಹೆಚ್ಚು ಬೇಕು. ಎರಡು ದಿನ ಕರೀ ಹೊಗಿ ಬಿಟ್ಟು ಮೂರನೇ ದಿನ ಹೊಗಿ ವಾಲ್ವ್ ಸುಟ್ಟಿತು. ಕಬ್ಬು ಒಣಗಿದ್ದು ಒಣಗಿತು. ವಾಲ್ವ್ ಸುಟ್ಟದ್ದು ಪುಣ್ಯಾನ ಅನ್ಬೇಕು. ಎರಕದ ಫ್ಲೈವೀಲಿಗೆ ಸುತ್ತು ದುಪ್ಪಟ್ಟು ಆದ್ರ ಹರಿದು ಹಾರೋ ಜಗ್ಗಾಟ ನಾಲ್ಕು ಪಟ್ಟು ಆಗತೈತಿ. ಕಬ್ಬಿನ ಸೀಜನ್ನಿನಾಗ ಟ್ರ್ಯಾಕ್ಟರ್ ಪಂಪಿನ ಸೀಲ್ ಒಡೆದು ಡೀಸೆಲ್ ಏರಿಸೋ ಹುಡುಗರೂ ಇದನ್ನ ಓದಲಿ.

ನಿಧಾನದ ಇಂಜಿನ್ನನ್ನ ಬಾವಿಯಿಂದ ಎಬ್ಬಿಸಿದ್ದು ಜೋರಿನ ಇಂಜಿನ್ ಅಲ್ಲ, ಮೋಟರು. ಇಲ್ಲಿ ಒಂದು ಮಜಾ ಐತಿ. ಕಿರ್ಲೋಸ್ಕರ್ ಮನೆತನದವರು 1946ರಾಗ, ಒಂದೇ ವರ್ಷ, ಪುಣೆದಾಗ ಆಯಿಲ್ ಇಂಜಿನ್ ಕಂಪನಿ, ಬೆಂಗಳೂರಿನಾಗ ಕರೆಂಟ್ ಮೋಟರ್ ಕಂಪನಿ ಶುರು ಮಾಡಿದ್ರು. ಒಂದು ಮಗ ಬಾವಿಗೆ ಬಂದ, ಅವನ ತಮ್ಮ ಹಿಂದಿನಿಂದ ಬಂದು ಅವನನ್ನ ಹೊರಗ ಹಾಕಿದ. ನಮ್ಮಲ್ಲಿ ಕಂಬ ಬಂದ ಮ್ಯಾಲ ಇಂಜಿನ್ ಸ್ವಲ್ಪ ವರ್ಷ ಗಾಣಕ್ಕ, ಸ್ವಲ್ಪ ವರ್ಷ ಹಿಟ್ಟಿನ ಗಿರಣಿಗೆ ಹೋಗಿ ಬಂದು ಕಡೀಕ ಶೆಡ್ ಸೇರಿತು. ಕೋಳಿ ಅದರ ಮ್ಯಾಲ ಕುಂಡರತಿದ್ವು.

2019ರ ಆಗಸ್ಟ್ ನೆನಪೈತೇನ್ರಿ? ದೂಧಗಂಗಾ, ಕೃಷ್ಣಾ ಎರಡೂ ಏರಿದ್ವು. ಮೋಟರು, ಸ್ಟಾರ್ಟರ್, ಟಿಸಿ ಎಲ್ಲಾ ನೀರಾಗ. ನೀರು ಇಳಿದ ಮ್ಯಾಲ ಬಾವಿ ತುಂಬ ರಾಡಿ, ದನಕ್ಕ ಕುಡಿಯೋ ನೀರಿಲ್ಲ, ಕರೆಂಟ್ ಯಾವಾಗ ಬರತೈತಿ ಯಾರಿಗೂ ಗೊತ್ತಿಲ್ಲ. ಶೆಡ್ ಎತ್ತರದಾಗ ಇತ್ತು. ಕೋಳಿ ಓಡಿಸಿ, ಡೀಸೆಲ್ ಹಾಕಿ, ಗಾಳಿ ತೆಗೆದು ಹ್ಯಾಂಡಲ್ ಹೊಡೆದ್ವಿ. ನಾಲ್ಕನೇ ಸಲಕ್ಕ ಟುಕ್ ಅಂತು. ಆ ಸಪ್ಪಳ ಕೇಳಿ ನಮ್ಮ ಓಣಿಯ ಮುದುಕರೆಲ್ಲಾ ಎದ್ದು ಬಂದ್ರು. ಮೂರು ಬಾವಿ ತೊಳೆದು ಕೊಟ್ಟೇತಿ ಅದು. ಆದ್ರ ಅವತ್ತಿನಿಂದ ಎಳೆಯೋ ಬಲ ಕಡಿಮಿ ಆಗೇತಿ, ಹೊಗಿ ಕೊಳವಿಯಾಗ ಉಸಿರು ಕಟ್ಟಿದಂಗ ಸಪ್ಪಳ. ಯಾಕಂತ ನಾ ನೋಡಿರಲಿಲ್ಲ.

ಇಷ್ಟು ಕೇಳಿ ಹುಡುಗ ಸುಮ್ಮನಾದ, ಆದ್ರ ರೇಸ್ ಕ್ಯಾಮ್ ಕೈಯಾಗ ಹಿಡಿದೇ ಇದ್ದ. ಆಯ್ತು ಹಾಕೂಣು ಅಂದೆ. ತರಿಸಿದ ಮಾಲು ಡಬ್ಬಿಯಾಗ ಇಟ್ರ ನಿದ್ದಿ ಬರೋದಿಲ್ಲ, ನನಗೂ ಆ ವಯಸ್ಸಿತ್ತು.

ಮನ್ಯಾಗ ಮಾಡೋರಿಗೆ ಹೇಳತೀನಿ. ಪಿಸ್ಟನ್ ಮ್ಯಾಲ ಬಂದು ಎರಡೂ ವಾಲ್ವ್ ಸಡಿಲ ಇರೋ ಹೊಡೆತಕ್ಕ ತಂದು, ಮ್ಯಾಗ್ನೆಟ್ ಗಾಲಿ ಮ್ಯಾಲಿನ ಟಿ ಗುರುತು ಕೂಡಿಸಿ, ಆಮೇಲೆ ಚೈನ್ ಟೆನ್ಷನರ್ ಬಿಚ್ಚಬೇಕು. ಚೈನಿಗೆ ತಂತಿ ಕಟ್ಟು ಅಂತ ಹೇಳಿದೆ. ಕಟ್ಟಲಿಲ್ಲ. ಚೈನ್ ಒಳಗ ಬಿತ್ತು, ಅದನ್ನ ಎತ್ತಾಕ ಒಂದು ತಾಸು ಹೋಯ್ತು. ಎತ್ತರದ ಕ್ಯಾಮ್ ಹಾಕಿದ್ರ ವಾಲ್ವ್ ಪಿಸ್ಟನ್ನಿಗೆ ಬಡಿಯೋ ಭಯ ಇರತೈತಿ. ಅದಕ್ಕ ಹೆಡ್ ತೆಗೆದು, ಪಿಸ್ಟನ್ ಮ್ಯಾಲ ಮಕ್ಕಳು ಆಡೋ ಕ್ಲೇ ಒತ್ತಿ, ಹಳೇ ಗ್ಯಾಸ್ಕೆಟ್ ಇಟ್ಟು ಬಿಗಿದು, ಗುರುತು ಕೂಡಿಸಿ ಕೈಲೆ ಎರಡು ಸುತ್ತು ತಿರುಗಿಸಿದ್ವಿ. ಮತ್ತ ಬಿಚ್ಚಿ ಕ್ಲೇ ಕೊಯ್ದು ವರ್ನಿಯರ್‌ನಿಂದ ಅಳೆದ್ರ ಎರಡು ಮಿಲಿಮೀಟರ್ ಮ್ಯಾಲ ಜಾಗ ಇತ್ತು. ಒಂದೂವರಿಗಿಂತ ಕಡಿಮಿ ಇದ್ರ ಹಾಕೋದಿಲ್ಲ ಅಂತ ಮೊದಲೇ ಮಾತಾಗಿತ್ತು. ಉಬ್ಬಿಗೆಲ್ಲಾ ದಪ್ಪ ಆಯಿಲ್ ಹಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ, ಟ್ಯಾಪೆಟ್ ಸಡಿಲು ಹೊಂದಿಸಿ, ಕೈಲೆ ತಿರುಗಿಸಿ ನೋಡಿದ ಮ್ಯಾಲೇ ಸ್ಟಾರ್ಟ್ ಮಾಡಿದ್ವಿ.

ಖಾಲಿ ಗಾಡಿ ಬಾಣದಂಗ ಹೋಯ್ತು. ನಾನೂ ಒಂದು ರೌಂಡ್ ಹೊಡೆದೆ, ವೈನಿಗೆ ಹೇಳಬ್ಯಾಡ್ರಿ. ಮರುದಿನ ಟ್ರಾಲಿ ತುಂಬ ಮೇವು ಹೇರಿ ಒಡ್ಡು ಏರಿಸಿದ್ರ ಮೂರು ಸಲ ಬಂದ್ ಬಿತ್ತು. ರೇಸ್ ಮಾಡಿ ಕ್ಲಚ್ ಬಿಟ್ರ ಮುಂದಿನ ಗಾಲಿ ಎದ್ದು ನಿಂತಿತು. ಆವಾಗ ಮಾತ್ರ ನನ್ನ ಎದಿ ಝಲ್ ಅಂತು. ಹೋಂಡಾದವರು 1970ರಾಗ ಮೂರು ಗಾಲಿಯದು ತಂದ್ರು, ಅದು ಮಗುಚಿ ಮಗುಚಿ ಅಮೆರಿಕದಾಗ 1988ಕ್ಕ ಅದರ ಮಾರಾಟ ನಿಂತಿತು. ನಾಲ್ಕು ಗಾಲಿ ಇದ್ದದ್ದೂ ಬೀಳತೈತಿ. ಆಸ್ಟ್ರೇಲಿಯಾದಾಗ ರೈತರು ಭಾಳ ಮಂದಿ ಇದರ ಕೆಳಗ ಸಿಕ್ಕು ಸತ್ತರು, ಅದಕ್ಕ ಅಲ್ಲಿ 2021ರಿಂದ ಮಾರೋ ಹೊಸ ಹೊಲದ ಗಾಡಿಗೆ ಮಗುಚಿದಾಗ ಕಾಯೋ ಕಮಾನು ಕಡ್ಡಾಯ ಮಾಡ್ಯಾರ. ನಾವೂ ಒಂದು ಪೈಪಿನ ಕಮಾನು ವೆಲ್ಡಿಂಗ್ ಮಾಡಿಸಬೇಕು.

ಎಂಟು ದಿನಕ್ಕ ಹುಡುಗ ತಾನೇ ಹಳೇ ಕ್ಯಾಮ್ ವಾಪಸ್ ಹಾಕಿದ. ಈ ಸಲ ಚೈನಿಗೆ ತಂತಿ ಕಟ್ಟಿದ್ದ. ಹೊಸದನ್ನ ಎಣ್ಣಿ ಅರಬಿಯಾಗ ಸುತ್ತಿ ಇಟ್ಟಾನ, ಮಾರತಾನೋ ಇಟ್ಟಕೊಳ್ಳತಾನೋ ಗೊತ್ತಿಲ್ಲ.

ಆಮೇಲೆ ಡಯಲ್ ಗೇಜ್ ತಗೊಂಡು ಶೆಡ್ಡಿಗೆ ಹೋದ. ಹಳೇ ಇಂಜಿನ್ನಿನ ಪುಶ್ ರಾಡ್ ಮ್ಯಾಲ ಇಟ್ಟು ಫ್ಲೈವೀಲ್ ನಿಧಾನ ತಿರುಗಿಸಿ ಎರಡೂ ಉಬ್ಬು ಅಳೆದ. ಹೊಗಿ ಕಡೆಯ ಉಬ್ಬು ಗಾಳಿ ಕಡೆಯದಕ್ಕಿಂತ ಸುಮಾರು ಎರಡು ಮಿಲಿಮೀಟರ್ ಸವೆದೇತಿ. "ಕಾಕಾ, ಇದಕ್ಕ ಉಸಿರು ಕಟ್ಟೂದು ಇದರಿಂದನ" ಅಂದ. ಮಂಗಳವಾರ ಭಂಗಾರದವ ಬಂದಾಗ ಅವನೇ ಹೋಗಿ ಈ ವಾರ ಏನೂ ಇಲ್ಲ ಅಂತ ಕಳಿಸಿದ.

ಸದಲಗಾ, ಬೋರಗಾಂವ, ರಾಯಬಾಗ, ಅಥಣಿ ಕಡೆ ಯಾರ ಶೆಡ್ಡಿನಾಗಾದ್ರೂ 6 ಎಚ್‌ಪಿ, 650 ಸುತ್ತಿನ ಲಿಸ್ಟರ್ ಮಾದರಿ ಇಂಜಿನ್ನಿನ ಕ್ಯಾಮ್‌ಶಾಫ್ಟ್ ಬಿದ್ದಿದ್ರ ಹೇಳ್ರಿ. ಹೊಗಿ ಕಡೆಯ ಉಬ್ಬು ಸರಿ ಇದ್ರ ಸಾಕು. ಬಂದು ನೋಡಿ, ರೊಕ್ಕ ಕೊಟ್ಟು ಒಯ್ಯತೀವಿ.